ಶ್ವೇತಪದ್ಮ ದಿನ, ಪುಟ್ಟಿಯ ಫೋನು

ಮೇ 8, 2024, ಬುಧವಾರ
ಬಸವನಗುಡಿ

ಪುಟ್ಟಿ ಫೋನ್ ಇಟ್ಟು ತುಂಬ ಹೊತ್ತಾಯಿತು. ನಿದ್ದೆ ಹತ್ತುತ್ತಿಲ್ಲ. ಬರೆದುಬಿಡೋಣ ಅಂತ ಕೂತಿದ್ದೇನೆ.

ಇವತ್ತು ಶ್ವೇತಪದ್ಮ ದಿನ. ಎಲ್ಲ ಧರ್ಮಗಳ ಮೂಲದಲ್ಲಿ ಒಂದೇ ಸತ್ಯವಿದೆ ಅನ್ನೋ ಥಿಯಾಸಫಿ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಬ್ಲಾವಟ್ಸ್ಕಿ ತೀರಿಕೊಂಡ ದಿನ. 1891ರಲ್ಲಿ, ಲಂಡನ್ನಿನಲ್ಲಿ. ಪ್ರತಿ ವರ್ಷ ಈ ದಿನ ಸ್ನೇಹಿತರೆಲ್ಲ ಸೇರಿ ಭಗವದ್ಗೀತೆಯಿಂದಲೂ ಎಡ್ವಿನ್ ಆರ್ನಾಲ್ಡ್ ಬುದ್ಧನ ಬಗ್ಗೆ ಬರೆದ ಕಾವ್ಯದಿಂದಲೂ ಒಂದಿಷ್ಟು ಓದಲಿ ಅಂತ ಉಯಿಲಿನಲ್ಲಿ ಬರೆದಿಟ್ಟಿದ್ದರು. ನಮ್ಮ ಥಿಯಾಸಫಿ ಮಂಡಲಿಯಲ್ಲೂ ಓದಿದೆವು. ಗೀತೆಯ ಭಾಗ ಮೇಷ್ಟ್ರದು. ಈ ಸಲ ಅವರ ಧ್ವನಿ ಸೋತಿತ್ತು. ಎದುರಿಗೆ ಕೂತವರು ಬೆರಳೆಣಿಕೆಯಷ್ಟು ಜನ, ಮಿಕ್ಕವರೆಲ್ಲ ಝೂಮ್‌ನಲ್ಲಿ, ಕ್ಯಾಮೆರಾ ಆಫ್ ಮಾಡಿಕೊಂಡು. ಕೋವಿಡ್‌ನಲ್ಲಿ ಮನೆ ಸೇರಿದವರು ಆಮೇಲೆ ಈ ಕಡೆ ಬರಲೇ ಇಲ್ಲ.

ಅದಿರಲಿ. ಪುಟ್ಟಿಯ ವಿಷಯ.

ಫೋನ್ ಮಾಡಿದಾಗ ಅವಳು ಅಳುತ್ತಿರಲಿಲ್ಲ. ಖುಷಿಯಾಗಿದ್ದಳು. ನನಗೆ ದಿಗಿಲಾದದ್ದೇ ಅದಕ್ಕೆ.

"ಚಿಕ್ಕಮ್ಮಾ, ಅಪ್ಪ ಚೆನ್ನಾಗಿದ್ದಾರಂತೆ."

ಭಾವ ಹೋದಮೇಲೆ ಅವಳ ಬಾಯಲ್ಲಿ 'ಅಪ್ಪ' ಅನ್ನೋ ಮಾತು ಕೇಳಿದ್ದೇ ಅಪರೂಪ. ಯಾರು ಹೇಳಿದರು ಅಂದೆ. ಪುಣೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಆಕಾಶಿಕ್ ರೀಡಿಂಗ್, ಅಂದರೆ ಆಕಾಶದಲ್ಲಿರೋ ದಾಖಲೆ ಓದಿ ಹೇಳೋದು, ಮಾಡಿಸಿದ್ದಾಳೆ. 4,500 ರೂಪಾಯಿ. ವಿಡಿಯೋದಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡು, ನಿಮ್ಮ ತಂದೆ ನಿಮ್ಮ ಬಲಭುಜದ ಪಕ್ಕದಲ್ಲೇ ನಿಂತಿದ್ದಾರೆ, ಏನೋ ಹೇಳೋದು ಬಾಕಿ ಇದೆ, ಇವತ್ತು ಬಾಗಿಲು ಪೂರ್ತಿ ತೆರೆಯುತ್ತಿಲ್ಲ ಅಂದಳಂತೆ. ಉಳಿದದ್ದು ಶನಿವಾರ. ಅದಕ್ಕೆ ಬೇರೆ ಫೀಸು.

ನನ್ನ ಮೈ ಉರಿದುಹೋಯಿತು. ಆದರೂ ಏನು ಹೇಳಲಿ? ಆ ಹೆಂಗಸು ಆಡಿದ ಮಾತುಗಳೆಲ್ಲ ನಮ್ಮ ಕಪಾಟಿನಿಂದಲೇ ಹೋದವು. ಆಕಾಶದಲ್ಲಿ ಎಲ್ಲ ದಾಖಲಾಗಿರುತ್ತದೆ, ಬಲ್ಲವರು ಅದನ್ನು ಓದಬಹುದು ಅನ್ನೋದನ್ನು ದೇಶ ದೇಶಕ್ಕೂ ಹಬ್ಬಿಸಿದ್ದು ಥಿಯಾಸಫಿಯವರೇ. ಸಂಘದ ಮುಂದಾಳು ಲೆಡ್‌ಬೀಟರ್ 1909ರಲ್ಲಿ, ಸಂಘದ ಮುಖ್ಯ ಕಚೇರಿಯಿರೋ ಮದ್ರಾಸಿನ ಅಡ್ಯಾರಿನ ಕಡಲ ದಂಡೆಯಲ್ಲಿ ಕಂಡ ಹುಡುಗನ ಹಿಂದಿನ ಜನ್ಮಗಳನ್ನೆಲ್ಲ ಹೀಗೇ ಓದಿ ಬರೆದರು. ಆ ಹುಡುಗನೇ ಜೆ. ಕೃಷ್ಣಮೂರ್ತಿ. 1929ರಲ್ಲಿ ಹಾಲೆಂಡಿನ ಓಮ್ಮೆನ್‌ನಲ್ಲಿ ಸಾವಿರಾರು ಜನರೆದುರು ನಿಂತು, ಬರಲಿರೋ ಲೋಕಗುರು ಇವರೇ ಅಂತ ನಂಬಿ ತಮಗಾಗಿಯೇ ಕಟ್ಟಿದ್ದ ಸಂಘಟನೆಯನ್ನು ಮುಚ್ಚಿದರು. ದಾನವಾಗಿ ಬಂದಿದ್ದ ಆಸ್ತಿಯನ್ನೂ ವಾಪಸ್ ಕೊಟ್ಟರು. ಪುಟ್ಟಿಗೆ ಇದನ್ನು ಹೇಳಬೇಕು ಅಂತ ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ನಿಮ್ಮ ಬ್ಲಾವಟ್ಸ್ಕಿ ಕಾಲದಲ್ಲೂ ಹಿಮಾಲಯದಾಚೆ ಇರೋ ಗುರುಗಳು ಬರೆದದ್ದು ಅಂತ ಮಹಾತ್ಮರ ಕಾಗದ ಬರ್ತಿತ್ತಲ್ಲ? ಆ ಕಾಗದ ಪಡೆದ ಪತ್ರಕರ್ತ ಸಿನ್ನೆಟ್ ಆ ಗುರುಗಳನ್ನ ಎದುರಾಬದುರು ನೋಡಲೇ ಇಲ್ಲ ಅಂತ ನೀನೇ ಹೇಳಿದ್ದೆ. ಅವರಿಗೆ ಕಾಗದ, ನನಗೆ ವಿಡಿಯೋ. ಏನು ವ್ಯತ್ಯಾಸ? 1885ರಲ್ಲೇ ಅದೆಲ್ಲ ಮೋಸ ಅಂತ ವರದಿ ಬಂದಿದೆಯಂತೆ."

ಬಂದಿತ್ತು, ನಿಜ. ಅತೀಂದ್ರಿಯ ಘಟನೆಗಳನ್ನು ಪರೀಕ್ಷಿಸೋ ಲಂಡನ್ನಿನ ಸೈಕಿಕಲ್ ರಿಸರ್ಚ್ ಸೊಸೈಟಿಯವರು ಹಾಡ್ಜ್‌ಸನ್ ಅನ್ನೋರನ್ನು ಭಾರತಕ್ಕೆ ಕಳಿಸಿ ತನಿಖೆ ಮಾಡಿಸಿದ್ದರು. ನೂರು ವರ್ಷ ಕಳೆದ ಮೇಲೆ, 1986ರಲ್ಲಿ, ಅದೇ ಸೊಸೈಟಿಯ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ ಆ ತನಿಖೆ ಸರಿಯಾಗಿ ನಡೆದಿಲ್ಲ ಅಂತ ಬರೆದರು. ಎರಡನ್ನೂ ಹೇಳಿದೆ. ಆ ಕಾಗದಗಳು ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯಾರು ಬರೆದರು ಅನ್ನೋದರ ಮೇಲೆ ನನ್ನ ನಂಬಿಕೆ ನಿಂತಿಲ್ಲ ಕಣೇ ಅಂದೆ. ನಿಂತಿರೋದು ಬೇರೆ ಕಡೆ. ಸಂಘದ ಮೂರು ಉದ್ದೇಶಗಳಲ್ಲಿ ಮೊದಲನೆಯದು ಜಾತಿ, ಮತ, ಬಣ್ಣ, ಹೆಣ್ಣು ಗಂಡು ಅನ್ನೋ ಭೇದವಿಲ್ಲದ ಸೋದರತ್ವ. ಮನುಷ್ಯನೊಳಗೆ ಅಡಗಿರುವ ಶಕ್ತಿಗಳ ಮಾತು ಬರೋದು ಮೂರನೆಯದರಲ್ಲಿ. ಈಗ ಫೋನಿನಲ್ಲಿ ಮಾರಾಟವಾಗುತ್ತಿರೋದು ಆ ಮೂರನೆಯದು ಮಾತ್ರ. ಔರಾ ಅಂತೆ, ಚಕ್ರದ ಬಣ್ಣ ಅಂತೆ. ಮೊದಲನೆಯದನ್ನು ಕೇಳೋರೇ ಇಲ್ಲ.

"ನಿನ್ನನ್ನ ಚಿಕ್ಕವಳಿದ್ದಾಗ ವರ್ಲ್ಡ್ ಕಲ್ಚರ್ ಲೈಬ್ರರಿಗೆ ಕರ್ಕೊಂಡು ಹೋಗ್ತಿದ್ದೆನಲ್ಲ, ಆ ರಸ್ತೆಗೆ ಯಾರ ಹೆಸರಿದೆ ಗೊತ್ತಾ?"

"ಬಿ.ಪಿ. ವಾಡಿಯಾ."

ಹೆಸರು ಅವಳಿಗೆ ನೆನಪಿತ್ತು. ಆಸಾಮಿ ಯಾರು ಅಂತ ಗೊತ್ತಿರಲಿಲ್ಲ. 1918ರಲ್ಲಿ ಮದ್ರಾಸಿನ ಮಿಲ್ ಕೂಲಿಗಳಿಗೆ ಯೂನಿಯನ್ ಕಟ್ಟಿಕೊಟ್ಟವರು. 1922ರಲ್ಲಿ ಅಡ್ಯಾರ್ ಸಂಘ ಬಿಟ್ಟು, ಥಿಯಾಸಫಿಯವರದೇ ಇನ್ನೊಂದು ಗುಂಪಾದ ಯುನೈಟೆಡ್ ಲಾಡ್ಜ್ ಸೇರಿದರು. ಅಲ್ಲಿ ಅಧ್ಯಕ್ಷರಿಲ್ಲ, ನಿಯಮಾವಳಿ ಇಲ್ಲ. ಬರೆದವರು ಹೆಸರು ಹಾಕಿಕೊಳ್ಳೋದಿಲ್ಲ. ದೊಡ್ಡವರಾಗೋದಕ್ಕೆ ಯಾರಿಗೂ ಅಲ್ಲಿ ಜಾಗವೇ ಇಟ್ಟಿಲ್ಲ. ನನಗೆ ಇದು ಬಹಳ ದೊಡ್ಡ ವಿಷಯ. ಇದನ್ನು ಹೇಳುವಾಗ ನನ್ನ ಧ್ವನಿ ಜೋರಾಯಿತು ಅನ್ನಿಸುತ್ತೆ. ಪುಟ್ಟಿ ಸುಮ್ಮನಾದಳು.

ಆಮೇಲೆ ಮೆಲ್ಲಗೆ ಕೇಳಿದಳು. "ಹಾಗಾದ್ರೆ ನಿಮ್ಮ ಪುಸ್ತಕದ ಪ್ರಕಾರ ಅಪ್ಪ ಎಲ್ಲಿದ್ದಾರೆ?"

ಬ್ಲಾವಟ್ಸ್ಕಿ 1889ರಲ್ಲಿ ಪ್ರಶ್ನೋತ್ತರದ ರೂಪದಲ್ಲಿ ಬರೆದ ಪುಸ್ತಕವನ್ನು ತಂದು, ಓದುತ್ತಾ ಕನ್ನಡದಲ್ಲಿ ಹೇಳಿದೆ. ಹೋದವರು ಮಧ್ಯವರ್ತಿಗಳು ಕರೆದಾಗೆಲ್ಲ ಬಂದು ಮಾತಾಡ್ತಾರೆ ಅನ್ನೋದನ್ನು ಅವರು ಒಪ್ಪೋದಿಲ್ಲ. ಸತ್ತವರ ಜೀವ ದೇವಚಾನ್ ಅನ್ನೋ ಸ್ಥಿತಿಯಲ್ಲಿ ಇರುತ್ತದೆ. ಅಲ್ಲಿ ದುಃಖದ ಸೋಂಕಿಲ್ಲ. ಮಕ್ಕಳನ್ನು ಬಿಟ್ಟು ಹೋದ ತಾಯಿಗೆ ಬಿಟ್ಟು ಬಂದೆ ಅಂತಲೇ ಅನ್ನಿಸೋದಿಲ್ಲ, ಮಕ್ಕಳು ತನ್ನ ಜೊತೆಗೇ ಇದ್ದಾರೆ ಅಂತ ಇರುತ್ತಾಳೆ.

"ಅಂದ್ರೆ ಅಪ್ಪ ಇಲ್ಲಿಗೆ ಬರಲ್ಲ. ನಾನು ಅಲ್ಲಿದ್ದೀನಿ."

ಹಾಗೇ ಅರ್ಥ ಅಂದೆ.

ಆಗ ಅತ್ತಳು. ಜೋರಾಗಿ ಅತ್ತಳು. ನಾನು ಫೋನ್ ಹಿಡಿದುಕೊಂಡೇ ಕೂತಿದ್ದೆ. ಅಡುಗೆಮನೆಯ ಹಾಲು ಆರಿ ಕೆನೆ ಕಟ್ಟಿತ್ತು.

ಸಮಾಧಾನವಾದ ಮೇಲೆ ಅವಳು ಹೇಳಿದ ಮಾತು ಈಗ ನನ್ನನ್ನು ಕೂರಿಸಿರೋದು. ಆ ರೀಡಿಂಗ್ ಮಾಡುವವಳ ಕೆಳಗೆ ಒಂದು ವಾಟ್ಸಾಪ್ ಗುಂಪಿದೆಯಂತೆ. ಅಪ್ಪನನ್ನೋ ಗಂಡನನ್ನೋ ಮಗುವನ್ನೋ ಕಳೆದುಕೊಂಡವರೇ ಎಲ್ಲ. ಧಾರವಾಡದವರಿದ್ದಾರೆ, ಕೆನಡಾದವರಿದ್ದಾರೆ. ರಾತ್ರಿ ಎರಡು ಗಂಟೆಗೆ 'ಆಗುತ್ತಿಲ್ಲ' ಅಂತ ಬರೆದರೆ ಯಾರಾದರೂ ಎದ್ದಿರುತ್ತಾರೆ. "ಅವರು ಯಾರೂ ನನ್ನ ಹತ್ತಿರ ದುಡ್ಡು ಕೇಳಿಲ್ಲ ಚಿಕ್ಕಮ್ಮಾ. ದುಡ್ಡು ಕೇಳೋದು ಅವಳೊಬ್ಬಳೇ."

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮೊದಲನೇ ಉದ್ದೇಶ ಅಂತ ನಾನು ಯಾವುದನ್ನು ಹೇಳಿದೆನೋ ಅದು ಆ ಗುಂಪಿನಲ್ಲಿ ನಡೆಯುತ್ತಿದೆ ಅಲ್ವಾ? ನಮ್ಮ ಮಂಡಲಿಯಲ್ಲಿ ಏಳೂವರೆಗೆ ದೀಪ ಆರಿಸಿ ಬೀಗ ಹಾಕುತ್ತೇವೆ. ಝೂಮ್‌ನಲ್ಲಿ ಮುಖ ಮುಚ್ಚಿಕೊಂಡು ಕೂತವರ ಮನೆಯಲ್ಲಿ ಯಾರು ಹೋದರು, ಯಾರಿಗೆ ನಿದ್ದೆ ಬರುತ್ತಿಲ್ಲ, ನಮಗೆ ಗೊತ್ತಾಗೋದೇ ಇಲ್ಲ. ಓದು ಮುಗಿದ ಮೇಲೆ ಅರ್ಧ ಗಂಟೆ ಸುಮ್ನೆ ಮಾತಾಡೋಣ, ಕ್ಯಾಮೆರಾ ಹಾಕಿಕೊಂಡು, ಅಂತ ಮೇಷ್ಟ್ರಿಗೆ ಹೇಳಬೇಕು. ಅಧ್ಯಯನಕ್ಕೆ ಬಂದವರು ಸ್ವಂತ ಕಷ್ಟ ತರಬಾರದು ಅಂತ ಅವರ ಹಳೇ ಕಟ್ಟುಪಾಡು. ಒಪ್ಪುತ್ತಾರೋ ಇಲ್ಲವೋ. ಒಪ್ಪಲೇಬೇಕು.

ಪುಟ್ಟಿ ಶನಿವಾರಕ್ಕೆ ಆಗಲೇ ದುಡ್ಡು ಕಟ್ಟಿದ್ದಾಳೆ. ಬೇಡ ಅಂತ ನಾನು ಹೇಳಲಿಲ್ಲ. ಹೇಳಿದರೆ ಆ ಗುಂಪನ್ನೂ ಬಿಡಬೇಕಾಗುತ್ತದೆ, ಆಮೇಲೆ ರಾತ್ರಿ ಎರಡಕ್ಕೆ ಅವಳು ಯಾರಿಗೆ ಬರೆಯಬೇಕು? ನನಗೆ ಮಾಡು ಅಂದೆ. ಹೂಂ ಅಂದಳು.

ಅಕ್ಕನಿಗೆ ಇದನ್ನೆಲ್ಲ ಹೇಳೋದಾ ಬೇಡವಾ ಅಂತ ಯೋಚಿಸುತ್ತಿದ್ದೇನೆ. ಭಾವ ಹೋದಾಗಿನಿಂದ ಅಕ್ಕನೂ ರಾತ್ರಿ ಹೊತ್ತು ಫೋನ್ ಹಿಡಿದೇ ಕೂರುತ್ತಾಳೆ. ಏನು ನೋಡುತ್ತಾಳೆ ಅಂತ ನಾವ್ಯಾರೂ ಕೇಳಿಲ್ಲ