ಅಳತೆ ತಪ್ಪಿಸುವ ಕಾರುಗಳ ಊರಿಗೆ ಹೋಗುವವರಿಗೆ

ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವುದರಿಂದ ಹಿಡಿದು ಪೆಟ್ರೋಲ್ ಬಂಕಿನ ಯಂತ್ರದೊಳಗೆ ಚಿಪ್ ಕೂರಿಸುವವರೆಗೆ, ಅಳತೆಯಲ್ಲಿ ನಡೆಯುವ ಮೋಸಗಳನ್ನೆಲ್ಲ ಕಂಡಿದ್ದೇನೆ ಎಂಬ ಸಣ್ಣ ಅಹಂಕಾರ ನನಗಿತ್ತು. 2024ರ ಮೇ ತಿಂಗಳಲ್ಲಿ ಉತ್ತರ ಕೆರೊಲೈನಾದ ಕೇರಿ ಪಟ್ಟಣದ ಮಗಳ ಮನೆಯಲ್ಲಿದ್ದಾಗ ಅಳಿಯಂದಿರು, "ಮಾವ, ಇದನ್ನು ನೀವು ನೋಡಲೇಬೇಕು" ಎಂದು ನ್ಯಾಸ್ಕಾರ್ ಎಂಬ ಅಮೆರಿಕದ ಕಾರು ಓಟದ ಸ್ಪರ್ಧೆಗೆಂದು ಷಾರ್ಲಟ್ ಕಡೆಗೆ ಕರೆದುಕೊಂಡು ಹೋದರು. ಅಹಂಕಾರ ಅಲ್ಲಿ ಇಳಿಯಿತು.

ಕೋಣೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾವು ನಿಜವಾಗಿ ಮೋಸಹೋದದ್ದು ಅಲ್ಲೇ. ಮೆಮೋರಿಯಲ್ ಡೇ ರಜೆಯ ಹಿಂದಿನ ಭಾನುವಾರ ಕಾಂಕರ್ಡ್‌ನ ಷಾರ್ಲಟ್ ಮೋಟಾರ್ ಸ್ಪೀಡ್‌ವೇಯಲ್ಲಿ 600 ಮೈಲಿಯ ಸ್ಪರ್ಧೆ ನಡೆಯುತ್ತದೆ. ಆ ವಾರ ಸುತ್ತಮುತ್ತಲಿನ ವಸತಿಗೃಹಗಳ ದರಕ್ಕೆ ಲಂಗುಲಗಾಮಿರುವುದಿಲ್ಲ. ಹೆದ್ದಾರಿ ಪಕ್ಕದ ಸಾಧಾರಣ ಮೋಟೆಲೊಂದು ಉಳಿದ ದಿನಗಳ ದರದ ಮೂರು ಪಟ್ಟು ಕೇಳಿತು, ಮೂರು ರಾತ್ರಿಗಿಂತ ಕಡಿಮೆ ಕೊಡುವುದಿಲ್ಲ ಎಂದಿತು, ಬಿಡುವಾಗ ರಸೀದಿಯಲ್ಲಿ ಹೆಸರಿಲ್ಲದ ಇನ್ನೊಂದು ಶುಲ್ಕವನ್ನೂ ಸೇರಿಸಿತು. ಸಿಗರೇಟು ನಿಷಿದ್ಧ ಎಂದು ಬಾಗಿಲಿಗೆ ಅಂಟಿಸಿದ್ದ ಆ ಕೋಣೆಯ ಪರದೆಗಳು ಸಿಗರೇಟಿನ ನಾತ ಹೊಡೆಯುತ್ತಿದ್ದವು; ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಐಸ್ ಬಕೆಟ್ಟನ್ನು ಒಡ್ಡಿ ಮಲಗಿದೆವು. ಗರಿಷ್ಠ ಮಾರಾಟ ಬೆಲೆ ಮುದ್ರಿಸದ ಪೊಟ್ಟಣಕ್ಕೆ ದಂಡ ಹಾಕಿದವನಿಗೆ ಎಷ್ಟು ಉರಿದಿರಬಹುದು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. ಸಾಲಿಸ್ಬರಿಯಂಥ ಸ್ವಲ್ಪ ದೂರದ ಊರಿನಲ್ಲಿ ಉಳಿದುಕೊಂಡು ಕಾರಿನಲ್ಲಿ ಬರುವುದೇ ಒಳ್ಳೆಯದು.

ಷಾರ್ಲಟ್ ನಗರದ ನಡುವಿನಲ್ಲಿರುವ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಎಂಬ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಹೊಳೆಯುವ ಕಾರುಗಳ ಸಾಲನ್ನು ಬೇಗ ದಾಟಿ, ಒಂದು ತಾಮ್ರದ ಹಂಡೆಯನ್ನು ಹುಡುಕಬೇಕು. ಅದು ಕಳ್ಳಭಟ್ಟಿಯ ಸಾಮಾನು. ಅದನ್ನು ಕೈಯಾರೆ ಜೋಡಿಸಿಕೊಟ್ಟವರು ಜೂನಿಯರ್ ಜಾನ್ಸನ್. ಭಟ್ಟಿ ಪ್ರಕರಣದಲ್ಲಿ 1950ರ ದಶಕದಲ್ಲಿ ಜೈಲಿಗೂ ಹೋಗಿ, ಆಮೇಲೆ ಚಾಲಕರಾಗಿಯೂ ತಂಡದ ಒಡೆಯರಾಗಿಯೂ ಹೆಸರು ಮಾಡಿ, 1986ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನ ಪಡೆದವರು. ಪೊಲೀಸರ ಕಣ್ಣಿಗೆ ಸಾಧಾರಣ ಕಾರಿನಂತೆ ಕಾಣುತ್ತ, ಒಳಗೆ ಮಾತ್ರ ಬೇರೆಯೇ ಆಗಿರುವ ವಾಹನವನ್ನು ಕಟ್ಟುವ ವಿದ್ಯೆ ಈ ಕ್ರೀಡೆಗೆ ಬಂದದ್ದು ಈ ಹಂಡೆಯ ಕಡೆಯಿಂದಲೇ.

1949ರ ಜೂನ್ 19ರಂದು ಇದೇ ಷಾರ್ಲಟ್‌ನ ಮಣ್ಣಿನ ಹಾದಿಯಲ್ಲಿ ನಡೆದ ಮೊದಲ 'ಸ್ಟ್ರಿಕ್ಟ್ಲಿ ಸ್ಟಾಕ್' ಸ್ಪರ್ಧೆಯೇ ಇದಕ್ಕೆ ಸಾಕ್ಷಿ. ಅಂಗಡಿಯಿಂದ ತಂದ ಕಾರು ಹೇಗಿತ್ತೋ ಹಾಗೆಯೇ ಓಡಬೇಕೆಂಬ ನಿಯಮವಿತ್ತು. ಗ್ಲೆನ್ ಡನವೇ ಎಲ್ಲರಿಗಿಂತ ಮುಂದೆ ಬಂದರು. ಪರಿಶೀಲನೆಯಲ್ಲಿ ಅವರ ಫೋರ್ಡ್‌ನ ಹಿಂದಿನ ಸ್ಪ್ರಿಂಗ್‌ಗಳನ್ನು, ಸಾರಾಯಿ ಸಾಗಿಸುವವರು ಭಾರ ಹೊರಲು ಮಾಡಿಕೊಳ್ಳುತ್ತಿದ್ದ ರೀತಿಯಲ್ಲೇ, ಗಡುಸು ಮಾಡಿದ್ದು ಸಿಕ್ಕಿಬಿದ್ದಿತು. ಗೆಲುವು ಕ್ಯಾನ್ಸಸ್‌ನಿಂದ ಲಿಂಕನ್ ಕಾರು ತಂದಿದ್ದ ಜಿಮ್ ರೋಪರ್‌ಗೆ ಹೋಯಿತು. ಆ ಫೋರ್ಡ್ ಕಾರಿನ ಒಡೆಯ 10,000 ಡಾಲರ್ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದನು, ಸೋತನು. ಆ ಹಾದಿ ಈಗ ಇಲ್ಲ. ಹುಡುಕಿಕೊಂಡು ಹೋಗಿ ನಮ್ಮಂತೆ ಒಂದು ಮಧ್ಯಾಹ್ನವನ್ನು ಕಳೆದುಕೊಳ್ಳಬೇಡಿ.

ಊಟದ ವಿಷಯಕ್ಕೆ ಬರುತ್ತೇನೆ. ಕಾಂಕರ್ಡ್‌ನ ಮಗ್ಗುಲಲ್ಲೇ ಇರುವ ಊರಿನ ಹೆಸರು ಕನ್ನಾಪೊಲಿಸ್. ಚಾಲಕ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ ಊರು. ಫಲಕವನ್ನು ಓದಿ ನಾನು ಕಾರಿನಲ್ಲೇ ನಕ್ಕುಬಿಟ್ಟೆ, ಕನ್ನವೂ ಪೊಲೀಸೂ ಒಂದೇ ಹೆಸರಿನಲ್ಲಿರುವ ಊರು ಈ ಕ್ರೀಡೆಗೆ ತಕ್ಕದ್ದೇ ಎಂದು. ಆ ಕಡೆಯ ಹಳೆಯ ಖಾನಾವಳಿಗಳಲ್ಲಿ ಒಂದು ಮಾಂಸ, ಮೂರು ಪಲ್ಯ ಎಂಬ ಲೆಕ್ಕದ ಊಟ ಸಿಗುತ್ತದೆ. ನಮ್ಮಂಥ ಸಸ್ಯಾಹಾರಿಗಳು ನಾಲ್ಕೂ ಪಲ್ಯವೇ ಇರಲಿ ಎಂದು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಸೊಪ್ಪು ಮತ್ತು ಹುರುಳಿಕಾಯಿಯನ್ನು ಹಂದಿಮಾಂಸದ ಚೂರು ಹಾಕಿ ಬೇಯಿಸುವುದು ಅಲ್ಲಿನ ವಾಡಿಕೆಯಾದ್ದರಿಂದ ತಟ್ಟೆ ಬರುವ ಮೊದಲೇ ವಿಚಾರಿಸಬೇಕು. ಬಡಿಸುವ ಹೆಂಗಸು ಅಡುಗೆಮನೆಗೆ ಎರಡು ಸಲ ಹೋಗಿ ಕೇಳಿಕೊಂಡು ಬಂದು, ಯಾವುದು ಬೇಡ ಎಂದು ತಾನೇ ಬೆರಳಿಟ್ಟು ತೋರಿಸಿದಳು. ಜೋಳದ ಹಿಟ್ಟು ಸವರಿ ಕರಿದ ಬೆಂಡೆಕಾಯಿ, ಹಿಸುಕಿದ ಆಲೂಗೆಡ್ಡೆ, ಗಿಣ್ಣಿನಂತೆ ನಡುಗುವ ಚೀಸಿನ ಮ್ಯಾಕರೋನಿ, ಬೇಯಿಸಿದ ಸೇಬು, ಜೊತೆಗೆ ಬಿಸಿ ಜೋಳದ ಬ್ರೆಡ್ಡು. ಹನ್ನೊಂದು ಡಾಲರಿಗೆ ಇಬ್ಬರ ಹೊಟ್ಟೆ ತುಂಬುವಷ್ಟಿತ್ತು. ಆ ಬೆಂಡೆಕಾಯಿಗೆ ಸ್ವಲ್ಪ ಹುಳಿಪುಡಿ ಉದುರಿಸಿದ್ದರೆ ನಮ್ಮ ಮನೆಯದೆಂದೇ ಹೇಳಬಹುದಿತ್ತು. ಚೆರಿವೈನ್ ಎಂಬ ಕೆಂಪು ಸೋಡಾ ಆ ಭಾಗದ್ದೇ. ಹೆಸರು ಕೇಳಿ ಹೆದರಬೇಕಾಗಿಲ್ಲ, ಅದರಲ್ಲಿ ಮದ್ಯವಿಲ್ಲ.

ಗ್ರೀನ್ಸ್‌ಬರೊ ದಾಟಿ ದಕ್ಷಿಣಕ್ಕೆ ಇಳಿದರೆ ಸಿಗುವ ಲೆವೆಲ್ ಕ್ರಾಸ್‌ನ ಪೆಟ್ಟಿ ಕುಟುಂಬದ ವಸ್ತುಸಂಗ್ರಹಾಲಯವನ್ನು ಹೋಗುವ ದಾರಿಯಲ್ಲೇ ನೋಡಿಕೊಳ್ಳಿ. ವಾರವಿಡೀ ತೆರೆದಿರುವುದಿಲ್ಲವಾದ್ದರಿಂದ ದಿನ ವಿಚಾರಿಸಿಕೊಂಡು ಹೊರಡಿ. ಚಾಲಕ ರಿಚರ್ಡ್ ಪೆಟ್ಟಿ 200 ಸಲ ಗೆದ್ದವರು. ಅವುಗಳಲ್ಲಿ 198ನೆಯದು 1983ರ ಅಕ್ಟೋಬರ್‌ನಲ್ಲಿ ಷಾರ್ಲಟ್‌ನಲ್ಲೇ ಬಂದದ್ದು. ಸ್ಪರ್ಧೆ ಮುಗಿದ ಮೇಲೆ ಅಳೆದಾಗ 358 ಘನ ಇಂಚು ಮೀರಬಾರದ ಎಂಜಿನ್ ಸುಮಾರು 382 ಇತ್ತು. ಎಡಗಡೆಗೆ ಹಾಕಬೇಕಾದ ಮೆದು ಟಯರುಗಳನ್ನು ಬಲಗಡೆಗೂ ಹಾಕಿದ್ದರು. 35,000 ಡಾಲರ್ ದಂಡ ಬಿತ್ತು, 104 ಅಂಕ ಹೋಯಿತು, ಗೆಲುವನ್ನು ಮಾತ್ರ ಮುಟ್ಟಲಿಲ್ಲ. ಕಳ್ಳತೂಕದ ಅಂಗಡಿಯವನಿಗೆ ದಂಡ ಹಾಕಿ, ಗಿರಾಕಿಯಿಂದ ಹೆಚ್ಚಿಗೆ ಪಡೆದದ್ದನ್ನು ನೀನೇ ಇಟ್ಟುಕೊ ಎಂದಂತಾಯಿತು. ಮನೆಗೆ ಹೊರಟ ಪ್ರೇಕ್ಷಕನಿಗೆ ಗೆದ್ದವರು ಯಾರೆಂದು ತಿಳಿದಿರಬೇಕೆಂಬ ವಾದದಿಂದ ಈ ಪದ್ಧತಿ ಬಹುಕಾಲ ನಡೆದು, 2019ರಲ್ಲಿ ಬದಲಾಯಿತು. ಈಗ ಪರಿಶೀಲನೆ ಸ್ಪರ್ಧೆ ಮುಗಿದ ಸ್ಥಳದಲ್ಲೇ ಆಗುತ್ತದೆ. 2022ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಪೊಕೊನೋದಲ್ಲಿ ಮೊದಲೆರಡು ಸ್ಥಾನಗಳಲ್ಲಿ ಬಂದ ಡೆನ್ನಿ ಹ್ಯಾಮ್ಲಿನ್ ಮತ್ತು ಕೈಲ್ ಬುಷ್ ಅವರ ಕಾರುಗಳ ಮೂತಿಯ ಮೇಲೆ ಇರಬಾರದ ತೆಳು ಪಟ್ಟಿ ಸಿಕ್ಕಿದ್ದಕ್ಕೆ ಇಬ್ಬರನ್ನೂ ಅನರ್ಹಗೊಳಿಸಿ, ಮೂರನೆಯವರಾದ ಚೇಸ್ ಎಲಿಯಟ್‌ರನ್ನು ಗೆದ್ದವರೆಂದು ಸಾರಿದರು.

ಸ್ಪರ್ಧೆಯ ದಿನ ಮೇಲಿನ ಸಾಲುಗಳ ಟಿಕೆಟ್ಟನ್ನೇ ಕೊಳ್ಳಿ. ಕೆಳಗಿನ ಸಾಲುಗಳಲ್ಲಿ ಕಾರುಗಳು ಕಣ್ಣೆದುರು ಮಿಂಚಿ ಮಾಯವಾಗುತ್ತವೆಯೇ ಹೊರತು ಸ್ಪರ್ಧೆ ಕಾಣುವುದಿಲ್ಲ. ಅದೂ ಅಲ್ಲದೆ ಬಿಯರ್ ಚೆಲ್ಲಿಕೊಂಡು ಓಡಾಡುವ ಜನಜಂಗುಳಿ ನನಗೆ ಆಗುವುದಿಲ್ಲ. ಮೆದುವಾದ ಚೀಲದಲ್ಲಿ ನಮ್ಮದೇ ತಿಂಡಿಯನ್ನು ಒಳಗೆ ಒಯ್ಯಬಹುದು, ಚೀಲದ ಉದ್ದಗಲ ಎತ್ತರ ಹದಿನಾಲ್ಕು ಇಂಚು ಮೀರಬಾರದು, ಅಷ್ಟೇ. ನಮ್ಮ ಮನೆಯವರು ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಬಾಗಿಲಲ್ಲಿ ಮುಚ್ಚಳ ತೆಗೆಸಿ ನೋಡಿ ಬಿಟ್ಟರು. ಕಿವಿಗೆ ರಕ್ಷಣೆ ಕಡ್ಡಾಯವೆಂದೇ ತಿಳಿಯಿರಿ. ನಾನು ಶ್ರವಣಯಂತ್ರವನ್ನು ತೆಗೆದಿಟ್ಟರೂ ಎದೆಯೊಳಗೆ ಕೇಳಿಸುತ್ತಿತ್ತು. ತಂಡಗಳ ರೇಡಿಯೊ ಮಾತನ್ನು ಆಲಿಸುವ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ, ಆ ಹಣ ದಂಡವಲ್ಲ. ಕಾರುಗಳ ಹೊರಮೈಯನ್ನು ಕ್ಯಾಮೆರಾಗಳಿಂದ ಅಳೆಯುವ ಪರಿಶೀಲನೆ ಮಾತ್ರ ಪ್ರೇಕ್ಷಕರ ಸಾಲಿನಿಂದ ಕಾಣುವುದಿಲ್ಲ. ನಾನು ಹೋದದ್ದೇ ಅದನ್ನು ನೋಡಲು.

ಆ ಸಂಜೆ 400 ಸುತ್ತಿನ ಸ್ಪರ್ಧೆ 249ನೆಯ ಸುತ್ತಿಗೆ ಮಳೆಯಿಂದ ನಿಂತಿತು. ಕೊನೆಗೆ ಅಷ್ಟಕ್ಕೇ ಮುಗಿಸಿ ಕ್ರಿಸ್ಟೋಫರ್ ಬೆಲ್ ಗೆದ್ದರೆಂದು ಘೋಷಿಸಿದರು. ಆದರೆ ನನ್ನ ಟಿಕೆಟ್ಟಿನ ಹಣ ಸಂದದ್ದು ಆ ಮಳೆಯಲ್ಲೇ. ಮೆಟ್ಟಿಲುಗಳ ಕೆಳಗೆ ಪಕ್ಕದಲ್ಲಿ ನಿಂತಿದ್ದ ಅಲಬಾಮಾದ ವೃದ್ಧರೊಬ್ಬರು ನನ್ನ ಹಳೆಯ ಉದ್ಯೋಗ ಯಾವುದೆಂದು ಕೇಳಿ ತಿಳಿದವರೇ ಕಥೆಗಳ ಗಂಟು ಬಿಚ್ಚಿದರು. ಚಾಲಕ ಡ್ಯಾರೆಲ್ ವಾಲ್ಟ್ರಿಪ್ ಅವರ ಕಾರಿನೊಳಗೆ ಸೀಸದ ಗುಂಡುಗಳನ್ನು ತುಂಬಿ ಕನಿಷ್ಠ ತೂಕದ ಪರೀಕ್ಷೆಗೆ ನಿಲ್ಲಿಸಿ, ಹಾದಿಗಿಳಿದ ಮೇಲೆ ಒಂದು ತೂತಿನಿಂದ ಸುರಿದುಬಿಡುತ್ತಿದ್ದರಂತೆ. ಅದರ ಹಿಂದಿದ್ದ ಗ್ಯಾರಿ ನೆಲ್ಸನ್ ಅವರನ್ನೇ 1990ರ ದಶಕದ ಆರಂಭದಲ್ಲಿ ನ್ಯಾಸ್ಕಾರ್ ತನ್ನ ಪರಿಶೀಲನೆಯ ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತಲ್ಲ ಎಂದೆ. ಅಳಿಯಂದಿರು ಅನುವಾದಿಸಿದಾಗ ಅವರು, ಬೀಗ ಭದ್ರವಾದದ್ದು ಆಗಲೇ ಎಂದರು. ಆ ವರ್ಷದ ಫೆಬ್ರವರಿಯಲ್ಲಿ ಅಟ್ಲಾಂಟದಲ್ಲಿ ಚಾಲಕ ಜೋಯಿ ಲೊಗಾನೊ ಬಾತುಕೋಳಿಯ ಪಾದದಂತೆ ಬೆರಳುಗಳ ನಡುವೆ ಪೊರೆಯಿದ್ದ ಕೈಗವಸು ತೊಟ್ಟಿದ್ದನ್ನು ತಮ್ಮದೇ ಕೈ ಅಗಲಿಸಿ, ಕಿಟಕಿಗೆ ಒತ್ತಿ ಗಾಳಿ ತಡೆದಂತೆ ಅಭಿನಯಿಸಿ ತೋರಿಸಿದರು. ಅದಕ್ಕೆ ಬಿದ್ದ ದಂಡ 10,000 ಡಾಲರ್.

ಅವರ ದೇವರು ಮಾತ್ರ ಸ್ಮೋಕಿ ಯೂನಿಕ್, ಡೇಟೋನಾ ಬೀಚಿನ ಮೆಕ್ಯಾನಿಕ್. ಪೆಟ್ರೋಲ್ ಟ್ಯಾಂಕು ಎಷ್ಟು ದೊಡ್ಡದಿರಬೇಕೆಂದು ನಿಯಮದಲ್ಲಿತ್ತು, ಅಲ್ಲಿಂದ ಎಂಜಿನ್‌ಗೆ ಹೋಗುವ ಕೊಳವೆ ಎಷ್ಟಿರಬೇಕೆಂದು ಇರಲಿಲ್ಲ. ಆದ್ದರಿಂದ ಅವರು 2 ಇಂಚು ವ್ಯಾಸದ, 11 ಅಡಿ ಉದ್ದದ ಕೊಳವೆ ಹಾಕಿ 5 ಗ್ಯಾಲನ್ ಹೆಚ್ಚಿಗೆ ತುಂಬಿಸಿದರು ಎಂಬುದು ಎಲ್ಲರ ಬಾಯಲ್ಲೂ ಇರುವ ಕಥೆ. ನಾನು ಚಿತ್ರಾನ್ನದ ಡಬ್ಬಿಗೆ ಸುತ್ತಿದ್ದ ಕಾಗದದ ಕರವಸ್ತ್ರವನ್ನು ಬಿಡಿಸಿ ಲೆಕ್ಕ ಹಾಕಿದೆ. ಆ ಅಳತೆಯ ಕೊಳವೆಯಲ್ಲಿ ಹಿಡಿಯುವುದು ಸುಮಾರು 6.8 ಲೀಟರ್, ಅಂದರೆ ಎರಡು ಗ್ಯಾಲನ್‌ಗಿಂತ ಕಡಿಮೆ. 5 ಗ್ಯಾಲನ್ ಎಂದರೆ ಹೆಚ್ಚುಕಡಿಮೆ 19 ಲೀಟರ್, ಅಷ್ಟು ಹಿಡಿಯಬೇಕಾದರೆ ಕೊಳವೆಯ ವ್ಯಾಸ ಸುಮಾರು 3.35 ಇಂಚು ಇರಬೇಕು. ಕಥೆಯಲ್ಲೇ ಅಳತೆ ತಪ್ಪಿದೆ ಎಂದು ತುಸು ಹೆಮ್ಮೆಯಿಂದಲೇ ಕಾಗದವನ್ನು ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. "ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ಸ್ವಾಮಿ" ಎಂದು ಮಡಿಸಿ ಅಂಗಿಯ ಜೇಬಿಗೆ ಇಳಿಸಿಕೊಂಡು, "ಹಾಗಾದರೆ ಉಳಿದ ಹನ್ನೆರಡು ಲೀಟರನ್ನು ಎಲ್ಲಿ ಇಟ್ಟಿದ್ದ ಎಂದು ಇಷ್ಟು ವರ್ಷ ಯಾರೂ ಕೇಳಲೇ ಇಲ್ಲವಲ್ಲ" ಎಂದರು.