ಎಷ್ಟೇ ಇದ್ದರೂ ಏಕವಚನ

ಯಂತ್ರಗಳ ಕೈಪಿಡಿಗಳ ಇಂಗ್ಲಿಷ್ ಕರಡು ತಿದ್ದುವುದು ನನ್ನ ಕೆಲಸ. ನನ್ನ ಕೆಂಪು ಶಾಯಿಯ ದೊಡ್ಡ ಪಾಲು ಖರ್ಚಾಗುವುದು ‘ಇಕ್ವಿಪ್‌ಮೆಂಟ್ಸ್ ಆರ್’ ಎಂಬಲ್ಲಿ. ಬರೆದವರ ತರ್ಕ ನನಗೆ ಅರ್ಥವಾಗುತ್ತದೆ. ಕಣ್ಣೆದುರು ಹತ್ತಾರು ಉಪಕರಣಗಳಿರುವಾಗ ಬಹುವಚನ ಬೇಡವೇ? ಬೇಡ, ‘ಇಕ್ವಿಪ್‌ಮೆಂಟ್ ಈಸ್’ ಎಂದೇ ಬರೆಯಬೇಕು. ಇಂಗ್ಲಿಷಿನ ಕ್ರಿಯಾಪದ ವಸ್ತುಗಳನ್ನು ಎಣಿಸುವುದಿಲ್ಲ, ಕರ್ತೃಪದ ಎಂಥದ್ದು ಎಂದಷ್ಟೇ ನೋಡುತ್ತದೆ. ನಾಲ್ಕು ಕುರ್ಚಿಗಳನ್ನು ‘ಚೇರ್ಸ್’ ಎಂದರೆ ‘ಆರ್’, ಅವುಗಳನ್ನೇ ‘ಫರ್ನಿಚರ್’ ಎಂದರೆ ‘ಈಸ್’. ಗೋಧಿ, ಓಟ್ಸ್ ಎರಡೂ ಧಾನ್ಯಗಳೇ. ಆದರೂ ‘ವೀಟ್ ಈಸ್’, ‘ಓಟ್ಸ್ ಆರ್’. ಕಾರಣವನ್ನು ಕಾಳಿನಲ್ಲಿ ಹುಡುಕಿದರೆ ಸಿಗದು.

ಕನ್ನಡ ಇಲ್ಲಿ ಉದಾರಿ. ‘ಹತ್ತು ಪುಸ್ತಕ ಇದೆ’ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷ್ ಅಷ್ಟು ಸಡಿಲ ಬಿಡುವುದಿಲ್ಲ.

‘ಇಕ್ವಿಪ್‌ಮೆಂಟ್’, ‘ಫರ್ನಿಚರ್’ನಂಥವನ್ನು ಎಣಿಸಲೇಬೇಕಾದಾಗ ಒಂದು ಅಳತೆಯ ಪದ ಬೇಕು. ‘ಟೂ ಪೀಸಸ್ ಆಫ್ ಇಕ್ವಿಪ್‌ಮೆಂಟ್ ಆರ್’ ಸರಿ, ಏಕೆಂದರೆ ಅಲ್ಲಿ ಕರ್ತೃ ‘ಪೀಸಸ್’. ಆದರೆ ‘ದಿ ಇಕ್ವಿಪ್‌ಮೆಂಟ್ ಇನ್ ದೀಸ್ ಬಾಕ್ಸಸ್’ ಎಂದಾಗ ‘ಈಸ್’ ಬರಬೇಕು, ಅಲ್ಲಿ ಕರ್ತೃ ‘ಇಕ್ವಿಪ್‌ಮೆಂಟ್’. ಪಕ್ಕದಲ್ಲೇ ಕುಳಿತ ‘ಬಾಕ್ಸಸ್’ ಕ್ರಿಯಾಪದವನ್ನು ತನ್ನತ್ತ ಸೆಳೆಯುತ್ತದೆ, ಸೆಳೆತಕ್ಕೆ ಸಿಗಬಾರದು. ‘ಮೋಸ್ಟ್ ಆಫ್’, ‘ಎ ಲಾಟ್ ಆಫ್’ ಬಂದರೆ ಲೆಕ್ಕ ತಿರುಗುಮುರುಗು. ಆಗ ‘ಆಫ್’ ನಂತರದ ಪದವೇ ನಿರ್ಧರಿಸುತ್ತದೆ: ‘ಮೋಸ್ಟ್ ಆಫ್ ದಿ ಆಯಿಲ್ ಈಸ್’, ‘ಮೋಸ್ಟ್ ಆಫ್ ದಿ ಬೋಲ್ಟ್ಸ್ ಆರ್’. ‘ಪೀಸಸ್ ಆಫ್’, ‘ಮೋಸ್ಟ್ ಆಫ್’ ಎರಡನ್ನೂ ಒಂದೇ ದಿನ, ಎದುರುಬದುರು ಇಟ್ಟು ಕಲಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬೇರೆ ಬೇರೆ ಕಲಿತವರು ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಾರೆ.

ಪದದ ಕೊನೆಯ ‘ಸ್’ ಕೂಡ ನಂಬಿಕಸ್ಥನಲ್ಲ. ‘ನ್ಯೂಸ್ ಈಸ್’, ‘ಫಿಸಿಕ್ಸ್ ಈಸ್’. ಇಂಗ್ಲಿಷರೇ ಈ ಸದ್ದಿಗೆ ಮರುಳಾದದ್ದುಂಟು. ಬಟಾಣಿಗೆ ಹಿಂದೆ ಅವರಲ್ಲಿ ‘ಪೀಝ್’ ಎಂಬ ಏಕವಚನವಿತ್ತು. ಕೊನೆಯ ಸದ್ದನ್ನು ಬಹುವಚನದ ಗುರುತೆಂದು ಬಗೆದ ಜನ ಅದನ್ನು ಕಳಚಿ ‘ಪೀ’ ಎಂಬ ಹೊಸ ಪದವನ್ನೇ ಮಾಡಿಕೊಂಡರು. ಭಾಷೆ ಬೆಳೆಯುವ ಈ ಬಗೆ ನನಗೆ ಬಹಳ ಪ್ರಿಯ.

‘ಡೇಟಾ’ ಇಂದಿಗೂ ಇತ್ಯರ್ಥವಾಗಿಲ್ಲ. ಲ್ಯಾಟಿನ್ನಿನಲ್ಲಿ ಅದು ‘ಡೇಟಮ್’ನ ಬಹುವಚನ. ವಿಜ್ಞಾನದ ಬರಹಗಳಲ್ಲಿ ‘ಡೇಟಾ ಆರ್’ ಇನ್ನೂ ಕಾಣುತ್ತದೆ, ಕಂಪ್ಯೂಟರ್ ಲೋಕದಲ್ಲಿ ‘ಡೇಟಾ ಈಸ್’ ಬೇರುಬಿಟ್ಟಿದೆ. ಕೈಪಿಡಿಗಳಲ್ಲಿ ನಾನು ‘ಈಸ್’ ಪರ. ಲೇಖಕರು ‘ಆರ್’ ಬೇಕೆಂದು ಹಟ ಹಿಡಿದರೆ ಒಪ್ಪುತ್ತೇನೆ, ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಅದೇ ಇರಬೇಕು.