ಬೈಕಿನ ಮುಂದೆ ‘ಕಟಕ್’ ಅಂದರೆ ಕೋನ್ ಸೆಟ್ಟೇ ಹೋಗಿದೆಯಾ?

ಮಳೆಗಾಲ ಮುಗಿಯುತ್ತಿದ್ದಂತೆ ಘಟ್ಟದ ಮೇಲಿನವರೂ ಕೆಳಗಿನವರೂ ಕೇಳುವ ಪ್ರಶ್ನೆ ಇದು: ಹಂಪ್ ದಾಟುವಾಗ, ಹೊಂಡಕ್ಕೆ ಇಳಿದಾಗ ಮುಂದುಗಡೆ ‘ಕಟಕ್’ ಅನ್ನುತ್ತದೆ, ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗು, ಅಂದರೆ ಕೋನ್ ಸೆಟ್ ಹಾಕಿಸಲಾ? ಹಾಕಿಸಬೇಕಾಗಿ ಬರಬಹುದು. ಆದರೆ ಸದ್ದು ಯಾವಾಗ ಬರುತ್ತದೆ ಅಂತ ಗಮನಿಸದೆ ಸಾಮಾನು ತರಬೇಡಿ.

ಮೊದಲು ಲೆಗ್ ಗಾರ್ಡ್, ಮಡ್‌ಗಾರ್ಡ್, ಹೆಡ್‌ಲೈಟ್ ಬ್ರಾಕೆಟ್, ಹ್ಯಾಂಡಲ್ ಕ್ಲಾಂಪ್, ಆಕ್ಸಲ್ ನಟ್ ಬಿಗಿಯಾಗಿವೆಯೇ ನೋಡಿ. ಲೆಗ್ ಗಾರ್ಡಿನ ಒಂದು ಬೋಲ್ಟ್ ಸಡಿಲವಾದರೂ ಸದ್ದು ಶಾಕ್ (ಮುಂದಿನ ಚಕ್ರದ ಎರಡೂ ಬದಿಯ ಸ್ಪ್ರಿಂಗ್ ಕೊಳವೆ) ಒಳಗಿಂದಲೇ ಬಂದಂತೆ ಕೇಳುತ್ತದೆ.

ಡಿಸ್ಕ್ ಬ್ರೇಕ್ ಇದ್ದರೆ, ಕಲ್ಲುರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತ ಮುಂದಿನ ಬ್ರೇಕನ್ನು ಒಂದಿಷ್ಟೇ ಒತ್ತಿ ಹಿಡಿಯಿರಿ. ಸದ್ದು ನಿಂತಿತೇ? ಹಾಗಿದ್ದರೆ ಅದು ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನಿನದು. ಪ್ಯಾಡ್ ಬದಲಿಸುವಾಗ ತೆಳು ತಗಡಿನ ಸ್ಪ್ರಿಂಗ್ ಮರಳಿ ಹಾಕದೆ ಬಿಟ್ಟರೂ ಹೀಗೇ ಆಗುತ್ತದೆ.

ಇನ್ನು ಕೋನ್ ಸೆಟ್. ಇಲ್ಲಿಯೇ ಹೆಚ್ಚಿನ ತಪ್ಪು ನಡೆಯುವುದು. ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಪ್ಯಾಡಿನ ಆಟವೂ (ಸಡಿಲ ಅಲುಗಾಟ) ಸೇರಿಕೊಂಡು ದಾರಿ ತಪ್ಪಿಸುತ್ತದೆ. ಅದಕ್ಕೆ ಬ್ರೇಕ್ ಬಿಟ್ಟು, ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ ಒತ್ತಿ. ಎಡಗೈಯ ಬೆರಳನ್ನು ಚಾಸಿಯ ಕುತ್ತಿಗೆಯೂ ಕೆಳಗಿನ ಟಿಯೂ (ಎರಡೂ ಶಾಕ್‌ಗಳನ್ನು ಹಿಡಿದಿರುವ ಅಡ್ಡಪಟ್ಟಿ) ಸೇರುವ ಸಂದಿಯಲ್ಲಿಡಿ. ಬೆರಳಿಗೆ ಅಲ್ಲೇ ಜರುಗಿದ್ದು ತಿಳಿದರೆ ಕೋನ್ ಸೆಟ್ ಸಡಿಲ. ಆಟ ಶಾಕಿನ ಸೀಲಿನ (ಆಯಿಲ್ ತಡೆಯುವ ರಬ್ಬರ್ ಬಳೆ) ಹತ್ತಿರ ಸಿಕ್ಕಿದರೆ ಸವೆದದ್ದು ಶಾಕ್. ಅದಕ್ಕೆ ಕೋನ್ ಸೆಟ್ ಹಾಕಿದರೆ ದುಡ್ಡು ಹೋಯಿತು, ಸದ್ದು ಉಳಿಯಿತು.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಿರಲಿ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವೆ, ನೇರ ಬಂದಾಗ, ‘ಟಕ್’ ಅಂತ ಕೂತುಕೊಂಡರೆ ಕೋನ್ ಸೆಟ್ಟಿನ ಗುಂಡುಗಳು ರೇಸ್ (ಅವು ಓಡುವ ಬಳೆ) ಮೇಲೆ ಕುಳಿ ಹೊಡೆದಿವೆ. ಬಿಗಿ ಮಾಡಿ ಪ್ರಯೋಜನವಿಲ್ಲ, ಗುಂಡು, ರೇಸ್ ಎಲ್ಲ ಒಟ್ಟಿಗೇ ಬದಲಿಸಬೇಕು. ನಯವಾಗಿ ತಿರುಗಿದರೆ ಮೇಲಿನ ನಟ್ ಸಡಿಲಿಸಿ, ಅಂಚಿನಲ್ಲಿ ಕಚ್ಚುಗಳಿರುವ ರಿಂಗ್ ನಟ್ಟನ್ನು ಸಿ-ಸ್ಪ್ಯಾನರಿನಿಂದ (ಕೊಕ್ಕೆಯಂಥ ಪಾನಾ) ಬಿಗಿಯಾಗುವ ಕಡೆಗೆ ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ ನೋಡಿ. ಆಟ ಹೋಗಬೇಕು, ಹ್ಯಾಂಡಲ್ ಮಾತ್ರ ತನ್ನ ಭಾರಕ್ಕೇ ಎರಡೂ ಬದಿಗೆ ಬೀಳಬೇಕು. ಅತಿ ಬಿಗಿಯಾದರೆ ಬೈಕು ನೇರ ಹೋಗದೆ ಓಲಾಡುತ್ತದೆ. ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದ ತಿರುವಿನಲ್ಲಿ ಸಡಿಲವೂ ಅಪಾಯ, ಅತಿ ಬಿಗಿಯೂ ಅಪಾಯ. ವಾಟರ್ ಸರ್ವಿಸಿನಲ್ಲಿ ಕುತ್ತಿಗೆಗೇ ನೇರ ನೀರು ಹೊಡೆಸಬೇಡಿ. ಗ್ರೀಸ್ ತೊಳೆದುಹೋಗಿ ಗುಂಡು ತುಕ್ಕು ಹಿಡಿಯುತ್ತದೆ.

ಹಂಪ್ ಇಳಿದು ಶಾಕ್ ಪೂರ್ತಿ ಚಾಚಿದಾಗ ‘ಧಡ್’ ಅಂದರೆ ಆಯಿಲ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಅಂದಾಜಿಗೆ ಸುರಿಯಬೇಡಿ. ಹಳೆಯದನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಎಂಎಲ್ ಅಳೆದು ಎರಡೂ ಬದಿಯ ಶಾಕಿಗೆ ಸಮನಾಗಿ ಹಾಕಿ.

ಕಾರವಾರ, ಅಂಕೋಲಾ, ಕುಮಟಾ ಕಡೆ ಆಯಿಲ್ ಸೋರುವುದಕ್ಕೆ ಉಪ್ಪುಗಾಳಿಯೂ ಕಾರಣ. ಶಾಕ್ ರಾಡಿನ ಹೊಳಪಿನ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಕುಳಿ ಬಿದ್ದರೂ ಅದರ ಅಂಚು ಸೀಲಿನ ತುಟಿಯನ್ನು ಕೊಯ್ಯುತ್ತದೆ. ಒಂದು ಚೂರು ಹತ್ತಿಯನ್ನು ರಾಡಿನ ಸುತ್ತ ಸವರಿ ನೋಡಿ. ಸೀಲ್ ಓಡಾಡುವ ಜಾಗದಲ್ಲಿ ಎಳೆ ಸಿಕ್ಕಿಕೊಂಡರೆ ರಾಡ್ ಬದಲಿಸದೆ ಹೊಸ ಸೀಲ್ ಹಾಕಿಸಬೇಡಿ.